ತರಗು ಬೆಂಕಿಯಿಂದ ಕಾಳ್ಗಿಚ್ಚಿನವರೆಗೆ



ಇವತ್ತು ಗೊಬ್ಬರದ ಮಾತಿಲ್ಲ, ಬಿತ್ತನೆ ಬೀಜದ ಮಾತೂ ಇಲ್ಲ. ಬೆಂಕಿಯ ಮಾತು. ಒಲೆಯ ಬೆಂಕಿಯಲ್ಲ, ಕಾಡಿನ ಬೆಂಕಿ. ಕಾಡಿಗೆ ಬೆಂಕಿ ಬಿದ್ದರೆ ಅದು ಅರಣ್ಯ ಇಲಾಖೆಯವರ ಪಾಡು, ಹೊಲ ಗೇಯುವ ನಮಗೇನು ಅಂತ ನಿಮ್ಮಲ್ಲಿ ಕೆಲವರು ಎಣಿಸಬಹುದು. ನಾನೂ ಹಾಗೇ ಎಣಿಸಿದ್ದವನು. ೨೦೧೯ನೆಯ ಇಸವಿ ಫೆಬ್ರವರಿಯಲ್ಲಿ ಆ ಎಣಿಕೆ ಸುಳ್ಳಾಯಿತು.

ಆಗ ನಾನು ಗುಂಡ್ಲುಪೇಟೆ ತಾಲೂಕಿನ ಕಾಡಂಚಿನ ಊರುಗಳಲ್ಲಿ ತಿರುಗುತ್ತಿದ್ದೆ. ಒಂದು ಮನೆಯ ಕಣದಲ್ಲಿ ಹುರುಳಿ ಹರಡಿದ್ದರು. ಮನೆಯ ಅಜ್ಜಿ ಮೊರ ಹಿಡಿದು ಕೂತವರು, ಕಾಳಿನ ಮೇಲೆ ಏನೋ ಕಪ್ಪಗೆ ಬೀಳುತ್ತಿದೆಯಲ್ಲ ಅಂತ ಬೆರಳಲ್ಲಿ ಒತ್ತಿ ನೋಡಿದರು. ಬೂದಿ. “ಇದ್ಯಾನ ಸಾರ್, ಬೂದಿ ಮಳೆ ಬತ್ತಾದಲ್ಲ?” ಅಂದರು. ತಲೆಯೆತ್ತಿ ನೋಡಿದರೆ ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಹೊಗೆ ಗೋಡೆಯ ಹಾಗೆ ನಿಂತಿತ್ತು. ಅದೇ ಬಂಡೀಪುರದ ದೊಡ್ಡ ಬೆಂಕಿ. ಫೆಬ್ರವರಿ ೨೧ರಂದು ಹತ್ತಿದ್ದು ನಾಲ್ಕೈದು ದಿನ ಉರಿಯಿತು. ಅರಣ್ಯದ ಕಾವಲುಗಾರರು, ಸುತ್ತಲಿನ ಹಳ್ಳಿಯವರು, ದೂರದಿಂದ ಓಡಿಬಂದ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದರೂ ಬಗ್ಗಲಿಲ್ಲ. ಕೊನೆಗೆ ೨೫ರಂದು ವಾಯುಸೇನೆಯ ಹೆಲಿಕಾಪ್ಟರುಗಳು ಬಂದು, ದೊಡ್ಡ ತೊಟ್ಟಿಯಲ್ಲಿ ನೀರು ಮೊಗೆದು ಮೇಲಿನಿಂದ ಸುರಿಯಬೇಕಾಯಿತು. ಹತ್ತು ಸಾವಿರ ಎಕರೆಗೂ ಮೀರಿ ಕಾಡು ಸುಟ್ಟಿದೆ ಅಂತ ಉಪಗ್ರಹದ ಚಿತ್ರ ನೋಡಿದವರು ಆಮೇಲೆ ಲೆಕ್ಕ ಕೊಟ್ಟರು.

ಬೆಂಕಿ ಹಚ್ಚಿದ್ದು ಯಾರು ಎಂಬುದೇ ಆಗ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕಾಡುಬೆಂಕಿ ಮನುಷ್ಯನ ಕೈಯಿಂದಲೇ ಹತ್ತುವಂಥದು. ದನಕ್ಕೆ ಹೊಸ ಹುಲ್ಲು ಚಿಗುರಲಿ ಅಂತ ಹಚ್ಚಿದ್ದು, ಸೇದಿ ಎಸೆದ ಬೀಡಿ, ಹೊಲದ ಬದುವಿನಿಂದ ಹಾರಿದ ಕಿಡಿ, ಇಲಾಖೆಯವರ ಮೇಲಿನ ಸಿಟ್ಟು, ಹೀಗೆ. ಎರಡು ಬಿದಿರು ಉಜ್ಜಿ ಬೆಂಕಿ ಹುಟ್ಟಿತು ಅಂತ ಹಳಬರು ಹೇಳುವುದುಂಟು. ಹಾಗೆ ಹುಟ್ಟಿದ್ದನ್ನು ಕಣ್ಣಾರೆ ಕಂಡೆ ಅನ್ನುವವರು ಮಾತ್ರ ನನಗೆ ಇದುವರೆಗೂ ಸಿಕ್ಕಿಲ್ಲ.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಬೀಡಿ ಹಿಂದೆಯೂ ಇತ್ತು, ದನ ಕಾಯುವವರೂ ಇದ್ದರು, ಸಿಟ್ಟೂ ಇತ್ತು. ನಮ್ಮ ಅಜ್ಜಂದಿರು ಸೊಪ್ಪಿನಲ್ಲಿ ಬಡಿದು ಆರಿಸಿದ ಬೆಂಕಿಗೆ ಈಗ ಹೆಲಿಕಾಪ್ಟರು ಏಕೆ ಬೇಕಾಯಿತು? ಕಡ್ಡಿ ಅದೇ ಕಡ್ಡಿ. ಬದಲಾದದ್ದು ಏನು?

ಡಿಪ್ಲೊಮಾ ಓದುವಾಗ ನಮಗೆ ಕಲಿಸಿದ್ದು ಬೆಂಕಿ ಕಾಡಿನ ವೈರಿ ಎಂಬ ಒಂದೇ ಮಾತು. ಪರೀಕ್ಷೆಯಲ್ಲೂ ಅದನ್ನೇ ಬರೆದೆ, ಅಂಕವೂ ಬಂತು. ಅದು ಅರ್ಧ ಮಾತು ಅಂತ ತಿಳಿದದ್ದು ನಮ್ಮದೇ ಚಾಮರಾಜನಗರ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ. ಬಂಡೀಪುರದ ಬೆಂಕಿ ಆರಿದ ಕೆಲವು ತಿಂಗಳಿಗೆ, ಜೇನು ಸಾಕಣೆಯ ತರಬೇತಿಯ ನೆಪದಲ್ಲಿ ಅಲ್ಲಿಗೆ ಹೋಗಿದ್ದೆ. ಒಂದು ಸೋಲಿಗರ ಪೋಡಿನಲ್ಲಿ ಜಗಲಿಯ ಮೇಲೆ ಕೂತಿದ್ದ ಅಜ್ಜ ಒಬ್ಬರ ಹತ್ತಿರ ಬೆಂಕಿಯ ಮಾತು ತೆಗೆದೆ.

“ನಾವು ಬೆಂಕಿ ಕೊಡ್ತಿದ್ದೋ ಸ್ವಾಮಿ,” ಅಂದರು. “ತರಗು ಬೆಂಕಿ. ಮೊಣಕಾಲುದ್ದ ಎದ್ದು ಹಂಗೇ ಆರೋಗ್ತಿತ್ತು. ಐಕಳು ಅದ ದಾಟ್ಕಂಡು ಆಡೋವು. ಈಗಿಂದು ಹಂಗಲ್ಲ. ಈಗಿಂದು ಮರದ ಮ್ಯಾಕೇ ಹತ್ತದೆ.”

ತರಗು ಎಂದರೆ ನಿಮಗೆ ಗೊತ್ತೇ ಇದೆ, ಉದುರಿ ಒಣಗಿದ ಎಲೆ. ಸೋಲಿಗರ ಹಿರಿಯರು ಈ ಬೆಂಕಿಯನ್ನು ಬೇಸಗೆ ಬಲಿಯುವ ಮುಂಚೆಯೇ, ಇಬ್ಬನಿ ಇನ್ನೂ ಬೀಳುತ್ತಿರುವಾಗ, ನೆಲದಲ್ಲಿ ಹಸಿ ಇರುವಾಗ ಹಚ್ಚುತ್ತಿದ್ದರು. ಇಡೀ ಬೆಟ್ಟಕ್ಕಲ್ಲ. ಇಂದು ಈ ಮೂಲೆ, ಇನ್ನೊಂದು ಸಾರಿ ಆ ಮೂಲೆ. ಮೇಲಿನ ತರಗು ಮಾತ್ರ ಉರಿಯುತ್ತಿತ್ತು. ಮತ್ತಿ, ದಿಂಡಿಗ, ಹೊನ್ನೆಯಂಥ ದೊಡ್ಡ ಮರಗಳ ದಪ್ಪ ತೊಗಟೆಗೆ ಅದು ತಾಗಿದರೂ ತಾಗದ ಹಾಗೆ. ಹುಲ್ಲು ಚಿಗುರುತ್ತಿತ್ತು, ಗೆಣಸು ಅಗೆಯಲು ದಾರಿ ಕಾಣುತ್ತಿತ್ತು, ಆನೆ ಕರಡಿ ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದವು. ನೆಲ್ಲಿ ಮರಕ್ಕೆ ಹಿಡಿಯುವ ಬಂದಳಿಕೆಯನ್ನು ಸೋಲಿಗರು ಉಪ್ಪಿಲು ಅನ್ನುತ್ತಾರೆ. ತರಗು ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು, ನೆಲ್ಲಿಕಾಯಿ ಕಡಿಮೆಯಾಯಿತು ಎಂಬುದು ಅವರ ಮಾತು. ಬೇಸಗೆಯಲ್ಲಿ ಎಲ್ಲಿಂದಲೋ ಕಿಡಿ ಹಾರಿ ಬಂದರೂ ಆಗಲೇ ಸುಟ್ಟ ತಾಕಿಗೆ ಬಂದು ಅದು ನಿಲ್ಲುತ್ತಿತ್ತು, ಸುಡಲು ಏನೂ ಉಳಿದಿರುತ್ತಿರಲಿಲ್ಲ.

ಇದು ನಿಂತದ್ದು ಹೇಗೆ ಎಂಬುದಕ್ಕೆ ದೊಡ್ಡ ಕತೆಯೇ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

ಇಂಗ್ಲಿಷರು ನಮ್ಮ ದೇಶದಲ್ಲಿ ಅರಣ್ಯ ಇಲಾಖೆ ಕಟ್ಟಿದ್ದು ೧೮೬೪ರಲ್ಲಿ. ಅದರ ಮೊದಲ ಮುಖ್ಯಸ್ಥ ಬ್ರಾಂಡಿಸ್ ಎಂಬ ಜರ್ಮನ್ ವಿದ್ವಾಂಸ. ಆ ಕಾಲಕ್ಕೆ ಕಾಡು ಹಾಳಾಗುತ್ತಿದ್ದದ್ದು ನಿಜ. ಯಾರಿಂದ ಎಂದರೆ ಮುಖ್ಯವಾಗಿ ಅವರಿಂದಲೇ. ರೈಲಿನ ಹಳಿಯ ಕೆಳಗೆ ಹಾಸುವ ತೊಲೆಗಾಗಿ, ಹಡಗಿನ ತೇಗಕ್ಕಾಗಿ ಲಕ್ಷಗಟ್ಟಲೆ ಮರ ಉರುಳಿದವು. ಆದರೆ ಕಾಡು ಹಾಳಾದದ್ದಕ್ಕೆ ಬೈಗುಳ ತಿಂದವನು ಬೆಟ್ಟದ ಬೇಸಾಯಗಾರ. ಕುಮರಿ ಬೇಸಾಯದ ಹೆಸರು ನೀವು ಕೇಳಿರಬಹುದು. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು, ಆಮೇಲೆ ವರ್ಷಗಟ್ಟಲೆ ಬೀಳು ಬಿಡುವ ಪದ್ಧತಿ. ಕನ್ನಡ ಜಿಲ್ಲೆಯ ಸರ್ಕಾರಿ ಕಾಡುಗಳಲ್ಲಿ ಅಪ್ಪಣೆ ಇಲ್ಲದೆ ಕುಮರಿ ಮಾಡಕೂಡದು ಎಂದು ಮದ್ರಾಸ್ ಸರ್ಕಾರ ೧೮೬೦ರಲ್ಲಿ ಕಟ್ಟು ಮಾಡಿತು. ೧೮೬೫ರಲ್ಲಿ ದೇಶಕ್ಕೆಲ್ಲ ಒಂದು ಅರಣ್ಯ ಕಾಯಿದೆ ಬಂತು, ೧೮೭೮ರಲ್ಲಿ ಅದಕ್ಕಿಂತ ಬಿಗಿಯಾದದ್ದು. ನಮ್ಮ ಮೈಸೂರು ಸಂಸ್ಥಾನವೂ ೧೯೦೦ರಲ್ಲಿ ತನ್ನದೇ ಅರಣ್ಯ ಶಾಸನ ಮಾಡಿತು. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಯಿತು.

ಆ ಆರಂಭದ ವರ್ಷಗಳಲ್ಲೇ ಮಧ್ಯ ಪ್ರಾಂತದ ಬೋರಿ ಎಂಬ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬಾತ ಬೆಂಕಿಯನ್ನು ಪೂರ್ತಿ ಹೊರಗಿಡುವ ಪ್ರಯೋಗ ನಡೆಸಿದ. ಭಾರತದ ಕಾಡಿಗೆ ಬೆಂಕಿ ಬೀಳದ ಹಾಗೆ ತಡೆಯುವುದುಂಟೆ ಅಂತ ಅವನ ಜತೆಯವರೇ ನಕ್ಕರು. ಅವನು ತಡೆದು ತೋರಿಸಿದ. ಆಮೇಲೆ ಅದೇ ಎಲ್ಲೆಡೆ ಪದ್ಧತಿಯಾಯಿತು. ಬೆಂಕಿ ರೇಖೆ ಕಡಿಯುವುದು, ಕಾವಲು ಇಡುವುದು, ಹಚ್ಚಿದವನನ್ನು ಹಿಡಿದು ದಂಡ ಹಾಕುವುದು.

ಆದರೆ ಅವರೊಳಗೇ ಒಬ್ಬಿಬ್ಬರು ಕಣ್ಣು ಬಿಟ್ಟು ನೋಡುವವರೂ ಇದ್ದರು. ಬರ್ಮಾದ ತೇಗದ ಕಾಡಿನಲ್ಲಿ ಬೆಂಕಿ ತಡೆದ ಮೇಲೆ ತೇಗದ ಸಸಿಯೇ ಏಳಲಿಲ್ಲ. ಬಿದಿರು, ಪೊದೆ, ಬೇರೆ ಮರ ಬೆಳೆದು ನೆರಳು ಕವಿದು ತೇಗದ ಮೊಳಕೆ ಸತ್ತವು. ೧೮೯೬ರಲ್ಲಿ ಸ್ಲೇಡ್ ಎಂಬ ಅರಣ್ಯಾಧಿಕಾರಿ, ಬರ್ಮಾದಲ್ಲಿ ಬೆಂಕಿ ತಡೆಯುವುದು ಅತಿಯಾಯಿತು ಎಂದು ಅಚ್ಚಿನಲ್ಲೇ ಬರೆದ. ವಾದವಾಯಿತು, ಕೆಲವು ಕಡೆ ಪದ್ಧತಿ ಸಡಿಲಿಸಿದರು. ನನಗೆ ಇದರಲ್ಲಿ ಆಶ್ಚರ್ಯವೆಂದರೆ, ಸೋಲಿಗರ ಅಜ್ಜ ಜಗಲಿಯ ಮೇಲೆ ಕೂತು ಹೇಳಿದ್ದನ್ನು ಇಲಾಖೆಯವನೇ ಒಬ್ಬ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದ. ನಮ್ಮ ತರಗತಿಯವರೆಗೆ ಮಾತ್ರ ಅದು ಬರಲಿಲ್ಲ.

ಕಾಯಿದೆ ಆದ ಮಾತ್ರಕ್ಕೆ ತರಗು ಬೆಂಕಿ ನಿಲ್ಲಲಿಲ್ಲ ಎನ್ನಿ. ಬೆಟ್ಟ ದೊಡ್ಡದು, ಗಾರ್ಡು ಒಬ್ಬ. ಪೂರ್ತಿ ನಿಂತದ್ದು ನಮ್ಮ ಸ್ವಾತಂತ್ರ್ಯ ಬಂದ ಮೇಲೆಯೇ. ಬಂಡೀಪುರವನ್ನು ಮೈಸೂರು ಮಹಾರಾಜರು ೧೯೩೧ರಲ್ಲಿ ವನ್ಯಮೃಗಗಳ ಉದ್ಯಾನವನ್ನಾಗಿ ಮಾಡಿದ್ದರು. ೧೯೭೩ರಲ್ಲಿ ಅದು ದೇಶದ ಮೊದಲ ಹುಲಿ ಯೋಜನೆಯ ಕಾಡುಗಳಲ್ಲಿ ಒಂದಾಯಿತು. ನಡುವೆ ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬಿಳಿಗಿರಿರಂಗನ ಬೆಟ್ಟ ೧೯೭೪ರಲ್ಲಿ ಅಭಯಾರಣ್ಯವಾಯಿತು. ಅಲ್ಲಿಗೆ ಸೋಲಿಗರ ಬೇಟೆ ನಿಂತಿತು, ತಿರುಗು ಬೇಸಾಯ ನಿಂತಿತು, ಒಳಗಾಡಿನ ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಿದರು, ತರಗು ಬೆಂಕಿಯೂ ನಿಂತಿತು. ಹುಲಿ ಉಳಿಯಿತು, ಇಲ್ಲವೆನ್ನುವುದಿಲ್ಲ. ಆ ಕಾಯಿದೆ ಇಲ್ಲದಿದ್ದರೆ ಇವತ್ತು ಕಾಡೇ ಇರುತ್ತಿರಲಿಲ್ಲವೇನೋ. ಆದರೆ ಅದೇ ಹೊತ್ತಿಗೆ ಕಾಡಿನ ಕೆಳಗೆ ಇನ್ನೊಂದು ಬೆಳೆ ಶುರುವಾಯಿತು.

ಆ ಬೆಳೆ ಲಂಟಾನ. ಕೆಲವು ಕಡೆ ಚದುರಂಗಿ ಅನ್ನುತ್ತಾರೆ, ನಮ್ಮ ಕಡೆ ರೋಜದ ಗಿಡ ಅನ್ನುವವರೂ ಉಂಟು. ಅಮೆರಿಕ ಖಂಡದ ಗಿಡ ಇದು. ಹೂವು ಚೆಂದ ಅಂತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು, ಅಲ್ಲಿಂದ ತೋಟದ ಬೇಲಿಗೆ ಹೋಯಿತು. ಪಿಕಳಾರ ಹಕ್ಕಿ ಕರಿ ಹಣ್ಣು ತಿಂದು ಮರದಲ್ಲಿ ಕೂತು ಹಿಕ್ಕೆ ಹಾಕಿದರೆ ಅಲ್ಲಿ ಹತ್ತು ಗಿಡ. ದನ ಮೇಯುವುದಿಲ್ಲ, ಮೇಯ್ದರೆ ಕಾಯಿಲೆ ಬೀಳುತ್ತವೆ. ಅಡಿಯಲ್ಲಿ ಹುಲ್ಲು ಏಳಗೊಡುವುದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡನ್ನು ತಾಕು ತಾಕಾಗಿ ಗುರುತು ಮಾಡಿ ಎಣಿಸಿದವರಿದ್ದಾರೆ. ೧೯೯೭ರಲ್ಲಿ ಹತ್ತು ತಾಕಿನಲ್ಲಿ ಸುಮಾರು ನಾಲ್ಕರಲ್ಲಿ ಲಂಟಾನ ಇತ್ತು. ೨೦೦೮ರಲ್ಲಿ ಅದೇ ತಾಕುಗಳನ್ನು ನೋಡಿದರೆ ಹತ್ತಕ್ಕೆ ಎಂಟರಲ್ಲಿ ಇತ್ತು. ಹನ್ನೊಂದು ವರ್ಷದಲ್ಲಿ ಇಮ್ಮಡಿ.

ಈಗ ಬೆಂಕಿಯ ಕಣ್ಣಿನಿಂದ ಈ ಕಾಡನ್ನು ನೋಡಿ. ಹಿಂದೆ ನೆಲದ ಮೇಲೆ ಒಂದು ಗೇಣು ತರಗು, ಅದರಾಚೆ ಮರದ ಕಾಂಡ, ಕೊಂಬೆ ಎಲ್ಲೋ ಮೇಲೆ. ನಡುವೆ ಬೆಂಕಿಗೆ ಏಣಿ ಇರಲಿಲ್ಲ. ಈಗ ಆಳೆತ್ತರ, ಎರಡಾಳೆತ್ತರ ಲಂಟಾನ, ಮರಕ್ಕೆ ಒರಗಿಕೊಂಡು ಹಬ್ಬಿದೆ. ಬಿದಿರು ಮೆಳೆ ಹೂ ಬಿಟ್ಟು ಸತ್ತರೆ ಅದೂ ಅಲ್ಲೇ ಒಣಗಿ ನಿಂತಿರುತ್ತದೆ. ಹತ್ತಾರು ವರ್ಷ ಹಿತ್ತಲಲ್ಲಿ ಸೌದೆ ಒಟ್ಟುತ್ತಾ ಹೋಗಿ, ಒಂದು ದಿನ ಬೆಂಕಿ ಬೀಳದಿರಲಿ ಅಂತ ದೇವರಿಗೆ ಕೈಮುಗಿದ ಹಾಗಾಯಿತು.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಇದರ ಮೇಲೆ ಹವೆ ಬಿಸಿಯಾಯಿತು.

ಬಿಸಿಲು ಹೆಚ್ಚಾಯಿತು ಅಂತ ನಾವೆಲ್ಲ ಆಡಿಕೊಳ್ಳುತ್ತೇವೆ, ಇದು ಬರೀ ಆಡಿಕೆಯ ಮಾತಲ್ಲ. ೧೯೦೧ರಿಂದ ೨೦೧೮ರವರೆಗೆ ನಮ್ಮ ದೇಶದ ಸರಾಸರಿ ಉಷ್ಣ ಸುಮಾರು ೦.೭ ಡಿಗ್ರಿ ಏರಿದೆ. ಕಾರಣವೂ ಗೊತ್ತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟ ಹೊಗೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲ ಇರುತ್ತದೆ. ಇನ್ನೂರೈವತ್ತು ವರ್ಷದ ಹಿಂದೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು ೨೮೦ ಪಾಲು ಇತ್ತು, ಈಗ ೪೨೦ ದಾಟಿದೆ. ಭೂಮಿ ಹೊದ್ದ ಕಂಬಳಿ ದಪ್ಪವಾದ ಹಾಗೆ. ಈ ಕಲ್ಲಿದ್ದಲಲ್ಲಿ ಹೆಚ್ಚು ಪಾಲು ಸುಟ್ಟವರು ದೂರದ ಶ್ರೀಮಂತ ದೇಶದವರು, ಹುರುಳಿ ಕಣದ ಅಜ್ಜಿಯಲ್ಲ. ಬೂದಿ ಬಿದ್ದದ್ದು ಮಾತ್ರ ಅವರ ಕಣಕ್ಕೂ.

ಮುಕ್ಕಾಲು ಡಿಗ್ರಿಗೆ ಏನಾದೀತು ಅನ್ನಬೇಡಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೀರಿಕೊಳ್ಳಬಲ್ಲ ನೀರಾವಿ ನೂರಕ್ಕೆ ಏಳು ಪಾಲಿನಷ್ಟು ಹೆಚ್ಚುತ್ತದೆ. ಅಂದರೆ ಗಾಳಿಯ ಬಾಯಾರಿಕೆ ಹೆಚ್ಚಿತು. ಆ ಬಾಯಾರಿಕೆಗೆ ನೀರೆಲ್ಲಿಂದ? ನೆಲದಿಂದ, ಎಲೆಯಿಂದ, ಬಿದ್ದ ಕಡ್ಡಿಯಿಂದ. ನೀವು ಒಗೆದ ಬಟ್ಟೆ ಒಣಹಾಕುತ್ತೀರಲ್ಲ, ಪುಷ್ಯ ಮಾಸದಲ್ಲಿ ಸಂಜೆಯಾದರೂ ಆರದ ಕಂಬಳಿ ಫಾಲ್ಗುಣದಲ್ಲಿ ಮಧ್ಯಾಹ್ನಕ್ಕೇ ಗರಿಗರಿ ಆಗುತ್ತದೆ. ಕಾಡಿನ ತರಗೂ ಹಾಗೆಯೇ. ಹಸಿ ಕಡ್ಡಿಗೆ ಬೆಂಕಿ ತಾಗಿದರೆ ಮೊದಲು ಒಳಗಿನ ನೀರು ಕುದಿದು ಹೋಗಬೇಕು, ಆಮೇಲೆ ಉರಿ. ಒಣಗಿದ್ದಕ್ಕೆ ಆ ಕೆಲಸವೇ ಇಲ್ಲ. ಹೀಗಾಗಿ ಬೆಂಕಿ ಬೀಳುವ ಕಾಲ ಮುಂಚೆ ಶುರುವಾಗಿ ಹೆಚ್ಚು ದಿನ ನಿಲ್ಲುತ್ತದೆ, ಹತ್ತಿದ್ದು ಬೇಗ ಓಡುತ್ತದೆ. ರಾತ್ರಿ ತಣ್ಣಗಾಗದಿದ್ದರೆ ಆರಿಸುವವರಿಗೆ ಬಿಡುವೂ ಸಿಕ್ಕುವುದಿಲ್ಲ.

ಮಳೆಯ ಲೆಕ್ಕವೂ ಕೆಟ್ಟಿದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿಯುವಷ್ಟು ಮಳೆ ಹೊಯ್ದದ್ದು ನೆನಪಿದೆಯೆ? ಆ ಮಳೆಗಾಲದಲ್ಲಿ ಹುಲ್ಲು ಪೊದೆ ಸೊಕ್ಕಿ ಬೆಳೆದವು. ಆಮೇಲೆ ಹಿಂಗಾರು ಕೈಕೊಟ್ಟಿತು. ದಕ್ಷಿಣ ಭಾರತದಲ್ಲೆಲ್ಲ ಆ ವರ್ಷ ಹಿಂಗಾರಿನ ಕೊರತೆ ಬಹಳ. ಸೊಕ್ಕಿ ಬೆಳೆದದ್ದೆಲ್ಲ ಸಂಕ್ರಾಂತಿ ಹೊತ್ತಿಗೇ ಒಣಗಿ ನಿಂತಿತು. ಫೆಬ್ರವರಿಯಲ್ಲಿ ಗಾಳಿ ಎದ್ದಿತು. ಇನ್ನು ಬೇಕಾದದ್ದು ಒಂದು ಕಡ್ಡಿ ಮಾತ್ರ.

ಅದೇ ರೀತಿ ೨೦೨೩ರ ಫೆಬ್ರವರಿ. ೧೯೦೧ರಿಂದ ಲೆಕ್ಕ ಇಟ್ಟ ಮೇಲೆ, ಅಲ್ಲಿಯವರೆಗೆ ಕಂಡ ಫೆಬ್ರವರಿಗಳಲ್ಲೆಲ್ಲ ದೇಶದಲ್ಲಿ ಹಗಲಿನ ಬಿಸಿ ಅದರಲ್ಲೇ ಹೆಚ್ಚು. ಆ ತಿಂಗಳು ಹಸಿರೇ ಹಸಿರು ಅಂತ ನಾವು ಅಂದುಕೊಂಡ ಸಕಲೇಶಪುರದ ಮಲೆನಾಡಿನಲ್ಲಿ ಕಾಡಿಗೆ ಬೆಂಕಿ ಬಿತ್ತು. ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಅದಕ್ಕೂ ಮುಂಚೆ ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೂ ಒಬ್ಬ ಅರಣ್ಯ ರಕ್ಷಕ ಹಾಗೇ ಪ್ರಾಣ ಬಿಟ್ಟಿದ್ದ. ಇಲಾಖೆಯವರನ್ನು ಬೈಯುವಾಗ ಈ ಇಬ್ಬರನ್ನು ನಾನು ನೆನೆಯುತ್ತೇನೆ.

ನಮ್ಮಲ್ಲಿ ಮಾತ್ರ ಹೀಗಾಯಿತೆ ಅಂದರೆ, ಇಲ್ಲ. ಅಮೆರಿಕದಲ್ಲಿ ೧೯೧೦ರ ಆಗಸ್ಟಿನಲ್ಲಿ ಎರಡೇ ದಿನಕ್ಕೆ ಸುಮಾರು ಮೂವತ್ತು ಲಕ್ಷ ಎಕರೆ ಕಾಡು ಉರಿದುಹೋಯಿತು. ಆ ಹೆದರಿಕೆಯಲ್ಲಿ ಅವರು ಎಲ್ಲ ಬೆಂಕಿಯನ್ನೂ ಆರಿಸಲು ಪಣ ತೊಟ್ಟರು. ೧೯೩೫ರಲ್ಲಿ ಒಂದು ನಿಯಮವನ್ನೇ ಮಾಡಿದರು: ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದು ಹತೋಟಿಗೆ ಬಂದಿರಬೇಕು. ಕ್ಯಾಲಿಫೋರ್ನಿಯದ ಮೂಲ ನಿವಾಸಿಗಳು ನಮ್ಮ ಸೋಲಿಗರ ಹಾಗೆಯೇ ಸಣ್ಣ ಬೆಂಕಿ ಹಚ್ಚಿ ಕಾಡು ನೋಡಿಕೊಳ್ಳುತ್ತಿದ್ದವರು, ಅವರಿಗೂ ಹಚ್ಚಕೂಡದೆಂದರು. ಕಾಡಿನಲ್ಲಿ ಸೌದೆ ಬೆಳೆಯಿತು. ಬಂಡೀಪುರದ ಬೆಂಕಿಗೆ ಮೂರೇ ತಿಂಗಳ ಹಿಂದೆ, ೨೦೧೮ರ ನವೆಂಬರಿನಲ್ಲಿ, ಅಲ್ಲಿ ವಿದ್ಯುತ್ ತಂತಿಯ ಒಂದು ಕಿಡಿಯಿಂದ ಎದ್ದ ಬೆಂಕಿ ಪ್ಯಾರಡೈಸ್ ಎಂಬ ಊರನ್ನೇ ನುಂಗಿತು. ಸತ್ತವರು ೮೫ ಜನ. ವಿಮಾನಕ್ಕೆ, ಯಂತ್ರಕ್ಕೆ ಬರವಿಲ್ಲದ ದೇಶ ಅದು.

ಆಸ್ಟ್ರೇಲಿಯದ ಕತೆ ಇನ್ನೂ ದೊಡ್ಡದು. ೨೦೧೯ ಆ ದೇಶದ ದಾಖಲೆಯಲ್ಲೇ ಅತಿ ಬಿಸಿಯ, ಅತಿ ಒಣಗಿದ ವರ್ಷ. ಆ ಬೇಸಗೆಯ ಬೆಂಕಿಯಲ್ಲಿ ೩೩ ಜನ ಸತ್ತರು, ಮೂರು ಸಾವಿರಕ್ಕೂ ಮೀರಿ ಮನೆ ಹೋದವು, ಸುಟ್ಟ ನೆಲ ಸುಮಾರು ೨.೪ ಕೋಟಿ ಹೆಕ್ಟೇರು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ ೧.೯ ಕೋಟಿ ಹೆಕ್ಟೇರು, ನೀವೇ ತೂಗಿ ನೋಡಿ. ಅಷ್ಟು ಬಿಸಿಲಿನಲ್ಲಿ, ಅಷ್ಟು ಗಾಳಿಯಲ್ಲಿ ಹಿಂದೆ ಸುಟ್ಟ ತಾಕುಗಳು ಕೂಡ ಎಷ್ಟೋ ಕಡೆ ಬೆಂಕಿಯನ್ನು ನಿಲ್ಲಿಸಲಾರದೆ ಹೋದವು. ಹಳೆಯ ವಿದ್ಯೆಯೊಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವವರು ಇದನ್ನೂ ನೋಡಬೇಕು. ಹಾಗೆಯೇ ಅದೇ ದೇಶದ ಉತ್ತರದ ತುದಿಯಲ್ಲಿ, ಆರ್ನೆಮ್ ಲ್ಯಾಂಡ್ ಎಂಬ ಸೀಮೆಯಲ್ಲಿ, ೨೦೦೬ರಿಂದೀಚೆಗೆ ಮೂಲ ನಿವಾಸಿಗಳಿಗೇ ಕೆಲಸ ಒಪ್ಪಿಸಿದ್ದಾರೆ. ಒಣಹವೆಯ ಕಾಲದ ಆರಂಭದಲ್ಲಿ ಅವರು ಸಣ್ಣ ಬೆಂಕಿ ಹಚ್ಚುತ್ತಾರೆ, ಕೊನೆಯ ದೊಡ್ಡ ಬೆಂಕಿ ತಗ್ಗಿದೆ, ಹೊಗೆಯೂ ತಗ್ಗಿದೆ. ಹೊಗೆ ತಗ್ಗಿಸಿದ್ದಕ್ಕೆ ಅವರಿಗೆ ಹಣವೂ ಸಿಗುತ್ತದೆ.

ಇನ್ನು ನಮ್ಮ ಹೊಲಕ್ಕೆ ಬರೋಣ. ಬಂಡೀಪುರ ಸುಟ್ಟ ವರ್ಷ ಮುಂಗಾರಿನ ಮೊದಲ ಬಿರುಮಳೆಗೆ ಕಾಡಂಚಿನ ಒಂದು ಕಟ್ಟೆಗೆ ಬಂದ ನೀರು ನೋಡಿದೆ, ಇದ್ದಿಲು ಕದಡಿದ ಹಾಗೆ ಕಪ್ಪಗಿತ್ತು. ತರಗು ಹಾಸಿದ ನೆಲ ಮಳೆಯನ್ನು ಒರಳಿನ ಬಾಯಿಯ ಹಾಗೆ ಒಳಕ್ಕೆ ಇಳಿಸಿಕೊಳ್ಳುತ್ತದೆ. ಹೆಚ್ಚು ಕಾದು ಸುಟ್ಟ ನೆಲದ ಮೇಲೆ ಒಂದು ಜಿಡ್ಡಿನ ಪೊರೆ ಕಟ್ಟುತ್ತದೆ. ನೀರು ಇಂಗುವುದಿಲ್ಲ, ಮಣ್ಣನ್ನೂ ಹೊತ್ತುಕೊಂಡು ಓಡುತ್ತದೆ. ಕಟ್ಟೆಯಲ್ಲಿ ಹೂಳು, ಬೇಸಗೆಗೆ ಹಳ್ಳ ಬರಿದು, ಬಾವಿಯ ನೀರು ಇನ್ನೂ ಕೆಳಕ್ಕೆ. ಮೇವು ಸುಟ್ಟ ಕಾಡಿನಿಂದ ಹಂದಿ, ಜಿಂಕೆ, ಆನೆ ಎಲ್ಲಿಗೆ ಬರುತ್ತವೆಂದು ಕಾಡಂಚಿನವರಿಗೆ ನಾನು ಹೇಳಬೇಕಿಲ್ಲ. ಬೆಂಕಿ ಬಿದ್ದರೆ ಹುಲ್ಲು ಚಿಗುರುತ್ತದಲ್ಲ ಸಾರ್ ಅಂತ ದನ ಕಾಯುವವರು ಕೇಳುತ್ತಾರೆ. ತರಗು ಬೆಂಕಿಯಲ್ಲಿ ಹೌದು. ಲಂಟಾನ ಉರಿದ ಬೆಂಕಿಯಲ್ಲಿ ಹುಲ್ಲಿನ ಬೇರು, ಬೀಜ ಎರಡೂ ಬೇಯುತ್ತವೆ. ಲಂಟಾನದ ಬುಡ ಮಾತ್ರ ಬದುಕಿರುತ್ತದೆ. ಮಳೆ ಬಿದ್ದ ತಕ್ಷಣ ಮೊದಲು ಚಿಗುರುವುದು ಅದೇ, ಮೊದಲಿಗಿಂತ ದಟ್ಟವಾಗಿ. ಮುಂದಿನ ಬೆಂಕಿಗೆ ಮತ್ತೂ ಹೆಚ್ಚು ಸೌದೆ.

ಆದ್ದರಿಂದಲೇ, ಹಾಗಾದರೆ ನಾವೇ ಪುಷ್ಯದಲ್ಲಿ ಹೋಗಿ ತರಗು ಬೆಂಕಿ ಹಚ್ಚಿಬಿಡೋಣ ಅಂತ ಯಾರೂ ಹೊರಡಬೇಡಿ. ಕಾಯಿದೆಯ ಪ್ರಕಾರ ಅದು ಇವತ್ತಿಗೂ ಅಪರಾಧ. ಅದಕ್ಕಿಂತ ಮುಖ್ಯವಾಗಿ ಈಗಿನ ಕಾಡು ಆಗಿನ ಕಾಡಲ್ಲ. ನಾನು ಇದನ್ನೇ ಅಜ್ಜನಿಗೆ ಕೇಳಿದ್ದೆ, ಈಗ ಮತ್ತೆ ಬೆಂಕಿ ಕೊಡಬಹುದಾ ಅಂತ. ಅವರು ತಲೆ ಅಲ್ಲಾಡಿಸಿದರು. “ಈ ರೋಜ ಇರೋಗಂಟ ಆಗಕಿಲ್ಲ ಸ್ವಾಮಿ. ಮೊದ್ಲು ಅದ ಕೀಳ್ಬೇಕು.” ಬೆಂಕಿ ಕೂಡದು ಅನ್ನುವ ಅರಣ್ಯ ಶಾಸ್ತ್ರಜ್ಞರೂ ಇದ್ದಾರೆ, ಪದೇ ಪದೇ ಬೆಂಕಿ ಬಿದ್ದರೆ ಎಳೆ ಸಸಿ ಉಳಿಯುವುದಿಲ್ಲ ಎಂಬುದು ಅವರ ವಾದ, ಅದರಲ್ಲೂ ಹುರುಳಿದೆ. ನನ್ನ ತಿಳಿವಳಿಕೆಗೆ ಬಂದದ್ದು ಇಷ್ಟು: ಎಲ್ಲಿ, ಯಾವಾಗ, ಎಷ್ಟು ಎಂಬುದು ಗೊತ್ತಿದ್ದವರನ್ನು ಕಾಡಿನಿಂದ ಹೊರಗಿಟ್ಟು ಐವತ್ತು ವರ್ಷವಾಯಿತು, ಗೊತ್ತಿದ್ದವರು ಮುದುಕರಾಗುತ್ತಿದ್ದಾರೆ. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲಿನ ಸಾಮೂಹಿಕ ಹಕ್ಕಿನ ಪತ್ರ ಸಿಕ್ಕಿತು. ಆ ಸಭೆಗಳಲ್ಲಿ ಈ ಮಾತು ಇಲಾಖೆಯವರೂ ಅಜ್ಜಂದಿರೂ ಒಟ್ಟಿಗೆ ಕೂತು ಆಡಬೇಕು. ಬೇಗ ಆಡಿದಷ್ಟೂ ಒಳ್ಳೆಯದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ನಮ್ಮ ಬದು, ನಮ್ಮ ಬೇಲಿ. ಬದುವಿನ ಲಂಟಾನವನ್ನು ಮಚ್ಚಿನಿಂದ ಸವರಿದರೆ ಅದು ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ, ಕೂಲಿ ದಂಡ. ಗುದ್ದಲಿಯಿಂದ ಬುಡದ ಮಣ್ಣು ಸರಿಸಿ, ನೆಲದಿಂದ ಎರಡು ಬೆರಳಿನಷ್ಟು ಕೆಳಗೆ ತಾಯಿಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಿ. ಹಣ್ಣು ಆಗುವ ಮುಂಚೆ ಈ ಕೆಲಸ ಆಗಬೇಕು. ಮುಂದಿನ ಮಳೆಗೆ ಹಕ್ಕಿ ಕೂರುವ ಮರದ ಅಡಿಯಲ್ಲಿ ಹೊಸ ಸಸಿ ಏಳುತ್ತವೆ. ಅವನ್ನು ಬೆರಳಲ್ಲೇ ಕೀಳಬಹುದು, ಮಕ್ಕಳೂ ಕೀಳುತ್ತಾರೆ. ಬರಿದಾದ ಜಾಗಕ್ಕೆ ಕೂಡಲೇ ಮೇವಿನ ಹುಲ್ಲಿನ ಬೀಜ ಚೆಲ್ಲಿ, ಇಲ್ಲವಾದರೆ ಅದೇ ಮತ್ತೆ ಬರುತ್ತದೆ. ಕಿತ್ತ ಕಡ್ಡಿಯೂ ದಂಡವಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಹಾಗೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ.

ಹೊಲದ ಕಸ, ಕೂಳೆ ಸುಡುವ ಬದಲು ಗೊಬ್ಬರದ ಗುಂಡಿಗೆ ಹಾಕಿ ಎಂಬುದನ್ನು ನಾನು ಎಷ್ಟು ಸಾರಿ ಹೇಳಿದರೂ ಸುಡುವವರು ಸುಡುತ್ತೀರಿ, ಬಲ್ಲೆ. ಹಾಗಿದ್ದರೆ ಕಾಡಂಚಿನವರು ಸಂಕ್ರಾಂತಿ ಕಳೆದ ಮೇಲೆ ಯುಗಾದಿಯ ಮಳೆ ಬೀಳುವವರೆಗಾದರೂ ಆ ಕೆಲಸ ನಿಲ್ಲಿಸಿ. ಕಾಡಿನ ಕಡೆಯ ಬದುವಿಗೆ ಎರಡು ಮಾರು ಅಗಲ ಹುಲ್ಲು ಕೆತ್ತಿ ನೆಲ ಬರಿದು ಮಾಡಿಡಿ. ಬೆಂಕಿ ಹತ್ತಿದರೆ ಈಗ ಉಪಗ್ರಹ ನೋಡಿ ಅರಣ್ಯ ಇಲಾಖೆಯವರ ಮೊಬೈಲಿಗೆ ಸಂದೇಶ ಬರುತ್ತದೆ; ಆದರೆ ಉಪಗ್ರಹ ಆಗಾಗ ಹಾದುಹೋಗುವಂಥದು, ಅಷ್ಟರಲ್ಲಿ ಮೊಣಕಾಲುದ್ದದ ಬೆಂಕಿ ಮರ ಹತ್ತಿರುತ್ತದೆ. ನೀವು ಹೊಲದಲ್ಲೇ ಇರುವವರು. ಹೊಗೆ ಕಂಡ ಕೂಡಲೇ ಹತ್ತಿರದ ಅರಣ್ಯ ಕಚೇರಿಗೆ, ಅದು ಸಿಗದಿದ್ದರೆ ೧೧೨ಕ್ಕೆ ಫೋನು ಮಾಡಿ, ಯಾವ ಬೆಟ್ಟ, ಯಾವ ಹಳ್ಳದ ಕಡೆ, ಗಾ‌ಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂದು ಹೇಳಿ.